ಚೆಂಡಿಲ್ಲದ ಕಡೆ

ನಮ್ಮ ಯಜಮಾನರಿಗೆ ಮನೆಯಲ್ಲಿ ಮಾತು ಕಡಿಮೆ. ಸಾರಿಗೆ ಉಪ್ಪು ಹೆಚ್ಚಾದರೂ ಹೇಳುವವರಲ್ಲ, ನಾನು ಹಾಕುವುದನ್ನೇ ಮರೆತರೂ ಹೇಳುವವರಲ್ಲ. ಸುಮ್ಮನೆ ಉಂಡು, ತಟ್ಟೆ ತೊಳೆದಿಟ್ಟು, ಲ್ಯಾಪ್‌ಟಾಪ್ ಮುಂದೆ ಹೋಗಿ ಕೂತುಬಿಡುತ್ತಾರೆ. ಇಂಥ ಚಾಮರಾಜ ಎಂಬ ಮನುಷ್ಯ ಐರ್ಲೆಂಡಿಗೆ ಬಂದು ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕಾಮೆಂಟ್ರಿ ಹೇಳುತ್ತಾರೆ ಎಂದು ಯಾವ ಜ್ಯೋತಿಷಿಯಾದರೂ ನುಡಿದಿದ್ದರೆ ಕೊಟ್ಟ ದಕ್ಷಿಣೆಯನ್ನು ವಾಪಸ್ ಕೇಳುತ್ತಿದ್ದೆ.

ಅದು ಕೋವಿಡ್‌ನ ಎರಡನೇ ಚಳಿಗಾಲ. ನಾನು ನೇಸ್ ಆಸ್ಪತ್ರೆಯಲ್ಲಿ ಡಾಕ್ಟರು. ಮುಖದ ಮೇಲೆ ಮಾಸ್ಕಿನ ಗೆರೆ ಹುಟ್ಟುಮಚ್ಚೆಯ ಹಾಗೆ ಕೂತುಬಿಟ್ಟಿದ್ದ ಕಾಲ. ಇವರಿಗೆ ಮೇನೂತ್‌ನ ನಮ್ಮ ಮನೆಯ ಮಹಡಿ ಕೋಣೆಯೇ ಆಫೀಸು. ಮಗಳು ಸಿಂಧು ಡಬ್ಲಿನ್ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದಳು, ಓದಿಗಿಂತ ಹೆಚ್ಚಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ನಾನು ಡ್ರೋಹೆಡಾದಲ್ಲಿ ಕೆಲಸಕ್ಕಿದ್ದಾಗ ಹುಟ್ಟಿದವಳು ಅವಳು. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಐರಿಷ್ ಇಂಗ್ಲಿಷಿನಲ್ಲಿ ಬರುತ್ತದೆ. ಇಲ್ಲಿ ಅವಳ ಮಾತನ್ನು ನಾನೇ ಕನ್ನಡ ಮಾಡಿದ್ದೇನೆ.

ಹಿಂದಿನ ವರ್ಷ ಆಟಗಳೇ ನಡೆದಿರಲಿಲ್ಲ. ಈ ವರ್ಷ ನಡೆದವು, ಆದರೆ ನೋಡುವವರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಡೆಕ್ಲನ್ ಎಂಬ ಒಬ್ಬಾತ ನಡೆಸುತ್ತಿದ್ದ ಪುಟ್ಟ ಲೋಕಲ್ ಚಾನೆಲ್‌ನಲ್ಲಿ, ಇಂಟರ್ನೆಟ್ಟಿನಲ್ಲೂ, ಮ್ಯಾಚುಗಳನ್ನು ತೋರಿಸುತ್ತಿದ್ದರು. ಇಡೀ ಚಾನೆಲ್ಲಿಗೆ ಇದ್ದದ್ದು ಒಂದು ಕ್ಯಾಮೆರಾ, ಅದರ ಹಿಂದೆ ಡೆಕ್ಲನ್ ಒಬ್ಬನೇ. ಕಾಮೆಂಟ್ರಿ ಹೇಳುತ್ತಿದ್ದ ರಿಟೈರ್ಡ್ ಮೇಷ್ಟ್ರು ಕೋವಿಡ್ ಬಂದು ಗಂಟಲು ಕಟ್ಟಿಸಿಕೊಂಡು ಮಲಗಿದರು. ಆಗ ಕೋಚ್ ಫಿಡೆಲ್ಮಾ ಸಿಂಧೂನ ಕೇಳಿದಳಂತೆ, "ನಿಮ್ಮಪ್ಪ ಮೈಸೂರು ಯೂನಿವರ್ಸಿಟಿಗೆ ಆಡಿದವರಲ್ಲವಾ? ಮಾತಾಡ್ತಾರಾ?" ಎಂದು. "ಆಟದ ವಿಷಯ ಆದರೆ ನಿಲ್ಲಿಸೋದು ಕಷ್ಟ," ಎಂದಳಂತೆ ನನ್ನ ಮಗಳು.

ಆ ಚಳಿಗಾಲದಲ್ಲಿ ಇನ್ನೊಂದು ವಿಷಯವಿತ್ತು. ಇಪ್ಪತ್ತು ವರ್ಷದೊಳಗಿನ ಹುಡುಗಿಯರ ಐರ್ಲೆಂಡ್ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಸಿಂಧುಗೆ ಹತ್ತೊಂಬತ್ತು; ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇದೇ ಮೊದಲ ಅವಕಾಶ, ಇದೇ ಕೊನೆಯದು. ಆಯ್ಕೆ ಮಾಡುವವರು ಊರೂರು ತಿರುಗುವ ಹಾಗಿರಲಿಲ್ಲ, ಮನೆಯಲ್ಲಿ ಕೂತು ಡೆಕ್ಲನ್‌ನ ಚಾನೆಲ್ ನೋಡಿಯೇ ಹೆಸರು ಬರೆದುಕೊಳ್ಳಬೇಕಿತ್ತು. ಐರ್ಲೆಂಡಿನ ಹಸಿರು ಜೆರ್ಸಿ ತೊಡಬೇಕೆಂಬುದು ನನ್ನ ಮಗಳಿಗೆ ಚಿಕ್ಕಂದಿನ ಹಟ. ಈ ದೇಶದಲ್ಲೇ ಹುಟ್ಟಿ ಬೆಳೆದವಳನ್ನು ಸ್ಕೂಲಿನಲ್ಲಿ "ನಿಜವಾಗಿ ಎಲ್ಲಿಯವಳು ನೀನು?" ಎಂದು ಕೇಳಿ ಕೇಳಿ ಆ ಹಟ ಗಟ್ಟಿಯಾಗಿತ್ತು ಎಂದು ನನ್ನ ಲೆಕ್ಕ.

ಅವಳದ್ದು ಎದ್ದು ಕಾಣುವ ಆಟವಲ್ಲ. ಬುಟ್ಟಿಗೆ ಚೆಂಡು ಹಾಕುವವಳು ಓರ್ಲಾ ಎಂಬ ಎತ್ತರದ ಹುಡುಗಿ. ಓರ್ಲಾಳಿಗೆ ದಾರಿ ಸಿಗಲಿ ಎಂದು ಎದುರಾಳಿಗೆ ಅಡ್ಡ ನಿಂತು ಎದೆಗೆ ಪೆಟ್ಟು ತಿನ್ನುವವಳು ಸಿಂಧು. ಯಾರು ಎಲ್ಲಿಗೆ ಓಡುತ್ತಾರೆ ಎಂದು ಮೊದಲೇ ತಿಳಿದು ಅಲ್ಲಿ ಹೋಗಿ ಕಾಯುವವಳೂ ಅವಳೇ. ಇದನ್ನೆಲ್ಲ ಕಲಿಸಿದವರು ಇವರೇ, ನಮ್ಮ ಬಡಾವಣೆಯ ತುದಿಯಲ್ಲಿರುವ ತುಕ್ಕು ಹಿಡಿದ ಬುಟ್ಟಿಯ ಬಳೆಯ ಕೆಳಗೆ, ಗಾಳಿ ಮಳೆ ಎನ್ನದೆ. "ಚೆಂಡು ಕೈಯಲ್ಲಿದ್ದಾಗ ಎಲ್ರೂ ಆಡ್ತಾರೆ ಪುಟ್ಟಿ. ಇಲ್ದೆ ಇದ್ದಾಗ ಆಡೋದು ಕಲಿ," ಎನ್ನುತ್ತಿದ್ದರು. ನನಗೆ ಬ್ಯಾಸ್ಕೆಟ್‌ಬಾಲಿನ ತಲೆಬುಡ ಗೊತ್ತಿಲ್ಲ. ಕಿಟಕಿಯಿಂದ ನೋಡಿ, ಚೆಂಡೇ ಇಲ್ಲದೆ ಅಪ್ಪ ಮಗಳು ಅದೇನು ಆಡುತ್ತಾರೋ ಎಂದುಕೊಳ್ಳುತ್ತಿದ್ದೆ.

ಕಾಮೆಂಟ್ರಿಗೆ ಒಪ್ಪಿಕೊಂಡ ದಿನದಿಂದ ಮನೆಯಲ್ಲಿ ಮದುವೆ ಗಡಿಬಿಡಿ. ಹುಡುಗಿಯರ ಐರಿಷ್ ಹೆಸರುಗಳನ್ನು ಸರಿಯಾಗಿ ಹೇಳಬೇಕೆಂದು ಮಂತ್ರದ ಹಾಗೆ ಬಾಯಿಪಾಠ ಮಾಡಿದರು. ಸ್ನಾನದ ಮನೆಯಿಂದ "ಕ್ವೀವಾ, ಸೈರ್ಶಾ, ನೀವ್" ಎಂದು ಜಪ ಕೇಳುತ್ತಿತ್ತು. ಒಂದು ಸಂಜೆ ಚಪಾತಿ ಲಟ್ಟಿಸುತ್ತಾ ನನಗೂ ಪಾಠ ಶುರುಮಾಡಿದರು.

"ರೇಡಿಯೋ ಬೇರೆ, ಟೀವಿ ಬೇರೆ ಜಯಾ. ಟೀವಿ ನೋಡೋರಿಗೆ ಕಣ್ಣಿದೆ. ಕಾಣ್ತಾ ಇರೋದನ್ನೇ ಹೇಳಿದ್ರೆ ಅವರಿಗೆ ಅವಮಾನ. ಕ್ಯಾಮೆರಾ ಚೆಂಡಿನ ಹಿಂದೆ ಓಡತ್ತೆ. ನಾನು ಚೆಂಡಿಲ್ಲದ ಕಡೆ ನೋಡ್ಬೇಕು. ಅಲ್ಲಿ ಯಾರು ಏನ್ ಮಾಡಿದ್ರು ಅಂತ ನಾನ್ ಹೇಳ್ದೆ ಇದ್ರೆ ಅದು ಆಗೇ ಇಲ್ಲ ಅಂತ ಅರ್ಥ."

"ಮತ್ತೆ ಸುಮ್ನಿರೋದು ಯಾವಾಗ?"

"ಫ್ರೀ ಥ್ರೋ ಹೊತ್ತಲ್ಲಿ, ಎಲ್ರೂ ನಿಂತಿರ್ತಾರೆ, ಒಬ್ಳೇ ಬುಟ್ಟಿಗೆ ಎಸೀತಾಳೆ. ಆ ಹುಡುಗಿ ಉಸಿರು ಎಳ್ಕೊಳ್ಳೋದು ಕೇಳಿಸ್ಬೇಕು."

ಎಷ್ಟು ಚೆನ್ನಾಗಿ ಹೇಳಿದರು ಎಂದು ಆಗ ಅನ್ನಿಸಿತ್ತು.

ಮೊದಲ ಮ್ಯಾಚಿನ ದಿನ ನನಗೆ ರಜೆ. ಖಾಲಿ ಜಿಮ್ನಾಷಿಯಮ್ಮಿನಲ್ಲಿ ಶೂಗಳ ಕಿರುಗುಟ್ಟುವಿಕೆ, ಚೆಂಡಿನ ಸದ್ದು, ಅದರ ಮೇಲೆ ನಮ್ಮ ಮೈಸೂರಿನ ದನಿ. ಟೀವಿಯ ಮುಂದೆ ಕೂತ ನನಗೆ ಮೈ ಜುಂ ಎಂದಿತು. ಅರ್ಧ ಆಟ ಕಳೆಯುವಷ್ಟರಲ್ಲಿ ಏಳನೇ ನಂಬರಿನ ಜೆರ್ಸಿ ತೊಟ್ಟ ಸಿಂಧು ಯಾರನ್ನೂ ನೋಡದೆ ಬೆನ್ನ ಹಿಂದಿನಿಂದ ಒಂದು ಪಾಸ್ ಕೊಟ್ಟಳು. ಇವರು ತಡೆಯಲಾರದೆ, "ಏನು ಪಾಸು! ಏನು ಹುಡುಗಿ!" ಎಂದು ಇಂಗ್ಲಿಷಿನಲ್ಲಿ ಕೂಗಿಬಿಟ್ಟರು. ಪರದೆಯ ಬದಿಯಲ್ಲಿ ನೋಡುವವರು ಬರೆಯುತ್ತಾರಲ್ಲ, ಅಲ್ಲಿ ಯಾರೋ ಒಬ್ಬರು ಬರೆದರು: "ಏಳನೇ ನಂಬರಿನ ಅಪ್ಪನಿಗೆ ಇವತ್ತು ಹಬ್ಬ." ಅದರ ಕೆಳಗೆ ನಾಲ್ಕೈದು ನಗುವ ಮುಖಗಳು.

ಮನೆಗೆ ಬಂದು ಅದನ್ನು ಓದಿದ ಮೇಲೆ ಇವರ ಮುಖ ಸಣ್ಣಗಾಯಿತು.

"ನಾಲ್ಕು ಜನ ಏನಂದ್ಕೋತಾರೆ ಜಯಾ? ಇಂಡಿಯನ್ ಕೈಗೆ ಮೈಕ್ ಕೊಟ್ರೆ ಮಗಳನ್ನ ಹೊಗಳ್ತಾ ಕೂತ ಅಂತಾರೆ."

"ಅಂದ್ಕೊಳ್ಳಲಿ ಬಿಡ್ರೀ. ಒಳ್ಳೇ ಪಾಸ್ ಕೊಟ್ಟಿದ್ಲೋ ಇಲ್ವೋ?"

"ಕೊಟ್ಟಿದ್ಲು. ಪ್ರಶ್ನೆ ಅದಲ್ಲ."

ಪ್ರಶ್ನೆ ಅದೇ ಆಗಿತ್ತು. ಆದರೆ ನಾಲ್ಕು ಜನ ಎಂದರೆ ಇವರಿಗೆ ಹೈಕೋರ್ಟು. ಆ ನಾಲ್ಕು ಜನ ಯಾರು, ಎಲ್ಲಿರುತ್ತಾರೆ ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಇನ್ನೂ ವಿಳಾಸ ಸಿಕ್ಕಿಲ್ಲ.

ಅದರ ಮೇಲೆ ಮೈಸೂರಿನಿಂದ ನನ್ನ ಅತ್ತೆ ಗಂಗಮ್ಮನವರ ಫೋನು. ಅವರು ಭಾವನ ಮನೆಯಲ್ಲಿ ಕೂತು ಮೊಮ್ಮಗಳ ಮ್ಯಾಚ್ ನೋಡಿದ್ದರು. "ಚಾಮ, ಟೀವಿಲಿ ಕೂತ್ಕೊಂಡು ಮಗೂನ ಹಂಗೆಲ್ಲಾ ಹೊಗಳ್ಬೇಡ್ವೋ. ಊರಿನ್ ಕಣ್ಣೆಲ್ಲಾ ಬೀಳತ್ತೆ. ಜಯಾ, ನೀನು ಇವತ್ತೇ ದೃಷ್ಟಿ ತೆಗ್ದುಬಿಡಮ್ಮ." ಡಾಕ್ಟರಾದರೇನು, ಅತ್ತೆಯ ಮಾತು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟಿಗೆ ಸ್ಮೋಕ್ ಅಲಾರ್ಮ್ ಹೊಡೆದುಕೊಂಡು, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. "ಆಲ್ ಗ್ರ್ಯಾಂಡ್, ಆಲ್ ಗ್ರ್ಯಾಂಡ್" ಎಂದು, ಅಂದರೆ ಇಲ್ಲಿಯ ಮಾತಿನಲ್ಲಿ ಏನೂ ತೊಂದರೆಯಿಲ್ಲ ಎಂದು, ಸಿಂಧು ಕೆಮ್ಮುತ್ತಾ ಅವರನ್ನು ಕಳಿಸಿದಳು. ಆವತ್ತು ಮೂವರೂ ಕಣ್ಣೀರು ಬರುವಷ್ಟು ನಕ್ಕೆವು.

ಎರಡನೇ ಮ್ಯಾಚಿನಿಂದ ಇವರು ಕಟ್ಟುನಿಟ್ಟಾದರು. ತಾವು ಸಿಂಧುವಿನ ಅಪ್ಪ ಎಂದು ಚಾನೆಲ್ಲಿನಲ್ಲಿ ಹೇಳಬಾರದೆಂದು ಡೆಕ್ಲನ್‌ಗೆ ತಾಕೀತು ಮಾಡಿದರು. ಉಳಿದ ಹುಡುಗಿಯರ ಬಗ್ಗೆ ಅವರ ಮಾತು ಕೇಳಬೇಕಿತ್ತು. ಕ್ವೀವಾ ಸೋತು ಹಿಂದೆ ಓಡುವಾಗಲೂ ಕೈ ಇಳಿಸುವುದಿಲ್ಲ ಎಂದರು. ಓರ್ಲಾ ಚೆಂಡು ಬರುವ ಮೊದಲೇ ಕಾಲನ್ನು ಬುಟ್ಟಿಯ ಕಡೆ ತಿರುಗಿಸಿಕೊಂಡಿರುತ್ತಾಳೆ, ನೋಡಿ ಎಂದರು. ನನ್ನಂಥ ಏನೂ ತಿಳಿಯದವಳಿಗೂ ಆಟ ಕಾಣತೊಡಗಿತು. ಆಸ್ಪತ್ರೆಯ ಟೀ ರೂಮಿನಲ್ಲಿ ಮ್ಯಾಚ್ ಹಾಕಿದರೆ ನರ್ಸುಗಳು ಬಂದು ನಿಲ್ಲುತ್ತಿದ್ದರು. ಹುಡುಗಿಯರ ಅಮ್ಮಂದಿರು ಇವರಿಗೆ ಕೇಕ್ ಕಳಿಸಿದರು.

ಸಿಂಧು ಬಂದಾಗ ಮಾತ್ರ ದನಿ ಚಪ್ಪಟೆಯಾಗುತ್ತಿತ್ತು. "ನಂಬರ್ ಸೆವೆನ್. ಪಾಸ್." ಅಷ್ಟೆ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು ಇದಕ್ಕಿಂತ ಅಕ್ಕರೆಯದು. ಅವಳು ಅಡ್ಡ ನಿಂತು ಪೆಟ್ಟು ತಿಂದು ಓರ್ಲಾಳಿಗೆ ದಾರಿ ಬಿಡಿಸಿದರೆ ಇವರು ಓರ್ಲಾಳ ಮಣಿಕಟ್ಟಿನ ಬಗ್ಗೆ ಮಾತಾಡುತ್ತಿದ್ದರು. ಮನೆಗೆ ಬಂದ ಮೇಲೆ ಸಿಂಧು ಆ ರೆಕಾರ್ಡಿಂಗುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. ಹೇಗಿತ್ತು ಎಂದರೆ "ಗ್ರ್ಯಾಂಡ್" ಎನ್ನುತ್ತಿದ್ದಳು.

ಗಾಲ್ವೇ ಕಡೆಯ ತಂಡದ ಮೇಲಿನ ಮ್ಯಾಚೇ ಮುಖ್ಯವಾದದ್ದು. ಆಯ್ಕೆಯವರು ಅದನ್ನು ತಪ್ಪದೆ ನೋಡುತ್ತೇವೆಂದು ಫಿಡೆಲ್ಮಾಗೆ ಹೇಳಿದ್ದರು. ಆವತ್ತು ಸಿಂಧು ಎಲ್ಲ ಕಡೆಯೂ ಇದ್ದಳು. ಎದುರು ತಂಡದ ಗಟ್ಟಿಗಿತ್ತಿಗೆ ಅಂಟಿಕೊಂಡಂತೆ ನಿಂತು ಚೆಂಡೇ ಮುಟ್ಟಲು ಬಿಡಲಿಲ್ಲ. ಅವಳು ಮುಟ್ಟದ್ದರಿಂದ ಕ್ಯಾಮೆರಾ ಆ ಕಡೆ ಹೋಗಲೇ ಇಲ್ಲ. ಇದನ್ನೆಲ್ಲ ನನಗೆ ಆಮೇಲೆ ಇವರೇ ಬಿಡಿಸಿ ಹೇಳಿದ್ದು. ಟೀವಿಯಲ್ಲಿ ನನಗೆ ಕಂಡದ್ದು ಓರ್ಲಾ ಒಬ್ಬಳೇ.

ಮೂರನೇ ಕ್ವಾರ್ಟರಿನಲ್ಲಿ ಡೆಕ್ಲನ್‌ಗೇ ತಡೆಯಲಾಗಲಿಲ್ಲ. ಕ್ಯಾಮೆರಾ ಹಿಂದಿನಿಂದಲೇ ಅವನ ದನಿ ಬಂತು: "ಚಾಮ್, ಈ ಏಳನೇ ನಂಬರ್ ಇವತ್ತು ಭಾರೀ ಆಡ್ತಾ ಇದ್ದಾಳಲ್ಲ?"

ಇವರು ಒಂದು ಕ್ಷಣವೂ ತಡಮಾಡಲಿಲ್ಲ. "ಛೆ, ಅವಳದ್ದೇನಿದೆ, ವಿಶೇಷ ಏನೂ ಇಲ್ಲ. ಅವಳ ಕೆಲಸ ಅವಳು ಮಾಡ್ತಿದ್ದಾಳೆ ಅಷ್ಟೆ. ಇದೆಲ್ಲಾ ಓರ್ಲಾಳ ಆಟ," ಎಂದರು ಇಂಗ್ಲಿಷಿನಲ್ಲಿ.

ಮನೆಯಲ್ಲಿ ಕೂತು ಕೇಳಿದ ನನಗೆ ಖುಷಿಯಾಯಿತು. ನಿಜ ಹೇಳುತ್ತೇನೆ, ಖುಷಿಯೇ ಆಯಿತು. ನಮ್ಮಲ್ಲಿ ಯಾರಾದರೂ ಮನೆಗೆ ಬಂದು ನಿಮ್ಮ ಮಗು ಎಷ್ಟು ಜಾಣೆ ಎಂದರೆ ಅಪ್ಪ ಅಮ್ಮ ಇನ್ನೇನು ಹೇಳುತ್ತಾರೆ? "ಅಯ್ಯೋ, ಏನೋ ಓದ್ತಾಳೆ ಅಷ್ಟೆ." ಹಾಗೆಂದರೆ, ಹೌದು, ನಮಗೂ ಗೊತ್ತು, ನಿಮ್ಮ ಬಾಯಿಂದ ಕೇಳಿ ಹೊಟ್ಟೆ ತಣ್ಣಗಾಯಿತು ಎಂದರ್ಥ. ಬಂದವರಿಗೂ ಅದು ಗೊತ್ತಿರುತ್ತದೆ. ಕಾಫಿ ಕುಡಿದು ನಗುತ್ತಾ ಹೋಗುತ್ತಾರೆ. ಇವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿದ್ದದ್ದು ನನಗೆ ಕೇಳಿಸಿತು. ಕೇಳಿಸಲು ಮೈಸೂರಿನ ಕಿವಿ ಬೇಕಿತ್ತು.

ಫಿಡೆಲ್ಮಾಳ ಫೋನ್ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಇವರು ಅಡುಗೆಮನೆಯ ಮೇಜಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾವೆಲ್ಲ ಕೇಳಲಿ ಎಂದು ಸಿಂಧು ಆಸೆಯಿಂದ ಸ್ಪೀಕರ್ ಹಾಕಿದಳು.

"ಸಾರಿ ಮಗಳೇ," ಎಂದಳು ಫಿಡೆಲ್ಮಾ. "ಓರ್ಲಾ ಮತ್ತು ಕ್ವೀವಾನ ತಗೊಂಡ್ರು."

ಯಾಕೆ ಎಂದು ಕೇಳಿದಳು ಸಿಂಧು.

"ಕ್ಯಾಮೆರಾದಲ್ಲಿ ನಿನ್ನ ಆಟ ಸಿಕ್ಕೇ ಇಲ್ಲ. ಹೋಗಿ ನೋಡೋಕಾಗದ್ದರಿಂದ ಕಾಮೆಂಟ್ರಿ ನಂಬಿಕೊಂಡ್ರಂತೆ. ಅಷ್ಟು ಸೂಕ್ಷ್ಮವಾಗಿ ನೋಡೋ ಮನುಷ್ಯನಿಗೇ ಇವಳಲ್ಲಿ ವಿಶೇಷ ಕಾಣಲಿಲ್ಲ ಅಂದ್ರು. ನಾನು ಜಗಳ ಆಡಿದೆ. ಆತ ಅವಳಪ್ಪ, ಬೇಕಂತಲೇ ಹೊಗಳ್ತಿಲ್ಲ ಅಂದೆ. 'ಹಾಗಾದ್ರೆ ಇನ್ನೂ ಖಾತ್ರಿ ಆಯ್ತಲ್ಲ, ಹೆತ್ತ ಅಪ್ಪನೇ ವಿಶೇಷ ಏನೂ ಇಲ್ಲ ಅಂತಿದ್ದಾನೆ' ಅಂದ್ರು. ನನ್ನ ಮಾತಿಗೆ ಬೆಲೆ ಇಲ್ಲ ಸಿಂಧು. ತನ್ನ ಹುಡುಗಿಯರ ಪರ ಕೋಚ್ ಮಾತಾಡೇ ಆಡ್ತಾಳೆ ಅಂದ್ಕೋತಾರೆ."

ಸಿಂಧು ಫೋನ್ ಇಟ್ಟಳು. ಇವರ ಕೈಯಲ್ಲಿ ಒಂದು ಮೆಂತ್ಯದ ಕಡ್ಡಿ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಹಿಡಿದೇ ಇದ್ದರು.

"ಅಪ್ಪ, ನಿಜವಾಗಲೂ ನೀನು ಹಾಗೇ ಅಂದ್ಕೊಂಡಿದ್ಯಾ?"

"ಇಲ್ಲ ಪುಟ್ಟಿ! ಅದು... ಅದು ಹಂಗೆ ಹೇಳೋದು. ನಮ್ಮ ಕಡೆ ಎಲ್ರೂ ಹಂಗೇ ಅಲ್ವಾ ಹೇಳೋದು. ಜಯಾ, ಹೇಳೇ."

"ನಿಮ್ಮ ಕಡೆ ಹೊಗಳೋಕೆ ಬರಲ್ಲ ಅಂತಲೇ ನಾನೂ ಅಂದ್ಕೊಂಡಿದ್ದೆ," ಎಂದಳು ಸಿಂಧು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಮಧ್ಯೆ ಬಾಯಿ ಹಾಕುತ್ತಿದ್ದೆ. "ಆದರೆ ಓರ್ಲಾಗೆ ಹೇಳೋಕೆ ನಿನಗೆ ಎಷ್ಟೊಂದು ಮಾತು ಬರತ್ತೆ ಅಪ್ಪ. ಅವಳ ಕಾಲು ಯಾವ ಕಡೆ ತಿರುಗಿತ್ತು ಅನ್ನೋದೂ ಹೇಳ್ತೀಯ. ನಾನು ಪ್ರತಿ ಸಲ ರೆಕಾರ್ಡಿಂಗ್ ಹಾಕ್ಕೊಂಡು ಕಾಯ್ತಿದ್ದೆ, ಈ ಸಲ ನನ್ನದೊಂದು ಬರಬಹುದು ಅಂತ."

ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ನಾನು ಬಾಯಿ ಬಿಟ್ಟೆ. ನಾಲ್ಕು ಜನ, ನಾಲ್ಕು ಜನ ಅಂತ ಸಾಯ್ತಿದ್ರಲ್ಲ, ಈಗ ಆ ನಾಲ್ಕು ಜನರನ್ನ ಕರ್ಕೊಂಡು ಬಂದು ಅವಳ ರೂಮಿನ ಮುಂದೆ ನಿಲ್ಲಿಸಿ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಬೈಸಿಕೊಳ್ಳುತ್ತಾ ಸೊಪ್ಪು ಬಿಡಿಸಿ ಮುಗಿಸಿದರು. ಕಡ್ಡಿಗಳನ್ನು ಪಾತ್ರೆಗೆ ಹಾಕಿ ಎಲೆಗಳನ್ನು ಕಸಕ್ಕೆ ಹಾಕಿದ್ದರು. ಅದನ್ನು ನೋಡಿದ ಮೇಲೆ ನನಗೆ ಬೈಯಲು ಮನಸ್ಸಾಗಲಿಲ್ಲ.

ಸೋಮವಾರ ಇವರು ಆಯ್ಕೆಯವರ ನಂಬರ್ ಹುಡುಕಿ ಫೋನ್ ಮಾಡುತ್ತೇನೆ ಎಂದಾಗ ಸಿಂಧು ಬೇಡ ಎಂದಳು. ಟೀಮಿನ ಹೆಸರು ಹೊರಬಿದ್ದ ಮೇಲೆ ಅಪ್ಪ ಫೋನ್ ಮಾಡಿ ಮಗಳು ಚೆನ್ನಾಗಿ ಆಡ್ತಾಳೆ ಅಂದರೆ ನಗುತ್ತಾರೆ ಎಂದಳು. ಇವರು ಮಾಡಿಯೇ ಮಾಡಿದರು. ಗಾಲ್ವೇ ಮ್ಯಾಚಿನ ಒಂದೊಂದು ಅಡ್ಡ ನಿಲ್ಲುವಿಕೆಯನ್ನೂ, ಒಂದೊಂದು ಓಟವನ್ನೂ ವಿವರಿಸಿದರು. ಫೋನ್ ಎತ್ತಿದ ಆಯ್ಕೆ ಸಮಿತಿಯ ಹೆಂಗಸು ಮರ್ಯಾದೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, "ನನಗೂ ಮಗಳಿದ್ದಾಳೆ, ನಿಮ್ಮ ಸಂಕಟ ಅರ್ಥ ಆಗತ್ತೆ," ಎಂದು ಫೋನ್ ಇಟ್ಟಳಂತೆ. ಇವರ ಜೀವನದ ಅತ್ಯುತ್ತಮ ಕಾಮೆಂಟ್ರಿ ಅದು, ಕೇಳಿದ್ದು ನಾನು ಮತ್ತು ಆ ಹೆಂಗಸು ಇಬ್ಬರೇ.

ಅಷ್ಟರಲ್ಲಿ ಸರ್ಕಾರ ನಿರ್ಬಂಧ ತೆಗೆಯಿತು. ಮೇಷ್ಟ್ರ ಗಂಟಲೂ ಸರಿಯಾಗಿತ್ತು. ಡೆಕ್ಲನ್ ಎಷ್ಟು ಕೇಳಿಕೊಂಡರೂ ಇವರು ಮೈಕ್ ಮುಟ್ಟಲಿಲ್ಲ. ಸೀಸನ್ನಿನ ಕೊನೆಯ ಮ್ಯಾಚಿಗೆ ನಾವಿಬ್ಬರೂ ಹೋಗಿ ಮರದ ಬೆಂಚಿನ ಮೇಲೆ ಕೂತೆವು. ಎರಡು ವರ್ಷದಿಂದ ಜನ ನೋಡದ ಜನ, ಸುಮ್ಮನೆ ಕೂಗಲೆಂದೇ ಬಂದಿದ್ದರು. ಸಿಂಧು ಆ ದಿನವೂ ಚೆಂಡಿಲ್ಲದ ಕಡೆ ಆಡಿದಳು. ನಾನು ಈಗ ಅಲ್ಲೇ ನೋಡುವುದನ್ನು ಕಲಿತಿದ್ದೆ. ಇವರು ಪ್ರತಿ ಸಲವೂ ಎದ್ದು ನಿಂತು "ಶಭಾಷ್ ಪುಟ್ಟೀ!" ಎಂದು ಕನ್ನಡದಲ್ಲಿ ಕೂಗಿದರು. ದನಿ ಒಡೆಯುವಷ್ಟು ಕೂಗಿದರು, ಹಿಂದಿನ ಸಾಲಿನವರು ನಗುತ್ತಿದ್ದರು. ಇವರಿಗೆ ಅದರ ಪರಿವೆಯೇ ಇರಲಿಲ್ಲ.

ಆಟ ಮುಗಿದು ಕಾರ್ ಪಾರ್ಕಿಗೆ ನಡೆಯುವಾಗ ಇವರು ಮಗಳ ಪಕ್ಕಕ್ಕೆ ಸೇರಿಕೊಂಡರು. ಶುರುವಿನಿಂದ ಹೇಳತೊಡಗಿದರು. ಎಡಗಡೆ ನಿಂತು ಇಬ್ಬರನ್ನು ತಡೆದದ್ದು, ಬಿದ್ದವಳನ್ನು ದಾಟಿ ಓಡದೆ ಸುತ್ತಿ ಬಂದು ಜಾಗ ಮುಚ್ಚಿದ್ದು, ಓರ್ಲಾ ಹಾಕಿದ ಕೊನೆಯ ಬುಟ್ಟಿಯಲ್ಲಿ ಅರ್ಧ ಇವಳದ್ದೇ ಆಗಿದ್ದದ್ದು. "ಈ ದೇಶದಲ್ಲಿ ನಿನ್ನ ವಯಸ್ಸಿನೋರಲ್ಲಿ ಹಿಂಗೆ ಆಡೋರನ್ನ ನಾನ್ ನೋಡಿಲ್ಲ," ಎಂದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎದುರಿಗೇ ಹೇಳಿದರು.

ಸಿಂಧು ಎಲ್ಲವನ್ನೂ ಕೇಳಿಸಿಕೊಂಡಳು. ಕೋಪವೇನೂ ಇರಲಿಲ್ಲ, ಅಪ್ಪನ ತೋಳಿಗೆ ತೋಳು ತಾಗಿಸಿ ನಡೆಯುತ್ತಿದ್ದಳು.

"ಥ್ಯಾಂಕ್ಸ್ ಅಪ್ಪ. ಆದರೆ ನೀನು ನಮ್ಮಪ್ಪ ಅಲ್ವಾ, ಇನ್ನೇನು ಹೇಳ್ತೀಯ?"

"ಅಪ್ಪ ಅಂತ ಅಲ್ಲ ಪುಟ್ಟಿ, ನಿಜವಾಗ್ಲೂ..."

ಅವಳು ಬ್ಯಾಗನ್ನು ಕಾರಿನ ಡಿಕ್ಕಿಗೆ ಹಾಕಿ ಮುಚ್ಚಿದಳು. ಆಮೇಲೆ ಇಂಗ್ಲಿಷ್ ಬಿಟ್ಟು, ತನ್ನ ಮುರುಕು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

"ಮೈಕ್ ಇದ್ದಾಗ ಹೇಳಿದ್ರೆ ನಂಬ್ತಿದ್ದೆ, ಅಪ್ಪ."

ಹಿಂದಿನ ಸೀಟಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಇವರು ಕಾರಿನ ಕೀ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ಕೀ ಇಸಿದುಕೊಂಡು ಮೇನೂತ್‌ವರೆಗೆ ಓಡಿಸಿಕೊಂಡು ಬಂದೆ.